ಮಳೆಗಾಲದ ಬಾಗಿಲಿಗೆ ಬೇಸಿಗೆಯಲ್ಲೇ ಆರೈಕೆ

ಮಳೆ ಹಿಡಿಯಿತೆಂದರೆ ಮುಂಬಾಗಿಲು ಹಟ ಮಾಡುತ್ತದೆ. ಎಳೆದರೆ ಬರುವುದಿಲ್ಲ, ಚಿಲಕ ಕೂರುವುದಿಲ್ಲ. ಆಗ ನಾವು ಮಾಡುವ ಕೆಲಸವೇನು ಹೇಳಿ? ಬಡಗಿಯನ್ನು ಕರೆಸಿ ‘ಸ್ವಲ್ಪ ಅಂಚು ಕೀಸಿಬಿಡಪ್ಪಾ’ ಅನ್ನೋದು. ಬಾಗಿಲಿಗೆ ಮಳೆಗಿಂತ ಹೆಚ್ಚು ಕೇಡು ಮಾಡುವುದು ಈ ಆತುರವೇ.

ಮರ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಉಬ್ಬಿದಾಗ ಕೀಸಿದರೆ ಬೇಸಿಗೆಗೆ ಸಂದು ಬೀಳುತ್ತದೆ. ಕೀಸಿದ ಜಾಗಕ್ಕೆ ಬಣ್ಣವೂ ಇರುವುದಿಲ್ಲ. ಮುಂದಿನ ಮಳೆಗೆ ಆ ಬೋಳು ಅಂಚೇ ನೀರು ಹೀರುತ್ತದೆ. ವರ್ಷವರ್ಷವೂ ಹೀಗಾದರೆ ಬಾಗಿಲಿನ ಬುಡ ಕೊಳೆಯದೆ ಇನ್ನೇನಾದೀತು?

ಮರವನ್ನು ಕೊಳೆಸುವುದು ಶಿಲೀಂಧ್ರ. ಮರದ ತೇವಾಂಶ ಶೇ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯೋದಿಲ್ಲ. ‘ನಮ್ಮದು ತೇಗದ ಬಾಗಿಲು, ಭಯವಿಲ್ಲ’ ಅಂತೀರಾ? ತೇಗದಲ್ಲೂ ಹೊರಭಾಗದ ಬಿಳಿಮರ ಬೇಗ ಕೊಳೆಯುತ್ತದೆ.

ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಮರ ಚೆನ್ನಾಗಿ ಒಣಗಿರುವಾಗಲೇ ಬಾಗಿಲನ್ನು ನೋಡಿಕೊಳ್ಳಿ. ಬಾಗಿಲಿನ ಅಡಿಗೆ ಪುಟ್ಟ ಕನ್ನಡಿ ಹಿಡಿಯಿರಿ. ಎಷ್ಟೋ ಮನೆಗಳಲ್ಲಿ ಕೆಳಗಿನ ಅಂಚಿಗೆ ಪೇಂಟೇ ಸೋಕಿರುವುದಿಲ್ಲ. ಬಾಗಿಲು ಇಳಿಸಿ ಮೇಲಿನ, ಕೆಳಗಿನ ಅಂಚುಗಳಿಗೂ ಪ್ರೈಮರ್, ಪೇಂಟ್ ಹೊಡೆಸಿ. ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗಿಳಿದರೆ ಆ ಭಾಗ ಕೊಳೆತಿದೆ ಅಂತಲೇ ಅರ್ಥ. ಪುಟ್ಟಿ ಮೆತ್ತಿ ಮುಚ್ಚಬೇಡಿ, ಕತ್ತರಿಸಿ ಹೊಸ ಮರ ಕೂಡಿಸಿ. ಗೋಡೆಗೂ ಚೌಕಟ್ಟಿಗೂ ನಡುವಿನ ಬಿರುಕನ್ನು ಸೀಲೆಂಟ್‌ನಿಂದ ತುಂಬಿಸಿ.

ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಡುವುದನ್ನು ಬಿಡಿ ಅಂತ ಖಂಡಿತ ಹೇಳುವುದಿಲ್ಲ. ಬಕೆಟ್‌ಗಟ್ಟಲೆ ನೀರು ಎರಚುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಒಣಬಟ್ಟೆ ಆಡಿಸಿದರೆ ಸಾಕು. ನೆನೆದ ಕೊಡೆಯನ್ನು ಚೌಕಟ್ಟಿಗೆ ಒರಗಿಸಬೇಡಿ, ಒದ್ದೆ ಕಾಲೊರಸನ್ನು ಹೊಸ್ತಿಲಿಗೆ ಒತ್ತಿ ಹಾಸಬೇಡಿ.

ಇಷ್ಟಾದರೂ ಮಳೆಯಲ್ಲಿ ಬಾಗಿಲು ಬಿಗಿಯಾಯಿತೇ? ಉಜ್ಜುವ ಕಡೆ ಪೆನ್ಸಿಲ್ ಗುರುತು ಹಾಕಿ, ಮೇಣದಬತ್ತಿ ತಿಕ್ಕಿ. ಚಿಲಕ ಕೂರದಿದ್ದರೆ ಅದರ ರಂಧ್ರವನ್ನು ಸ್ವಲ್ಪ ಅಗಲ ಮಾಡಿಸಿ. ಬೇಸಿಗೆಯಲ್ಲೂ ಆ ಗುರುತಿನ ಜಾಗ ಉಜ್ಜುತ್ತಿದ್ದರೆ ಮಾತ್ರ ಕೀಸಿಸಿ, ಅಂದೇ ಪ್ರೈಮರ್ ಹಚ್ಚಿಸಿ.

‘ಮಳೆ ಬರಲಿ, ಆಮೇಲೆ ನೋಡೋಣ’ ಎಂದು ಯಜಮಾನರು ಹೇಳಬಹುದು. ಆದರೆ ಹಗಲಿಡೀ ಆ ಬಾಗಿಲಿನ ಹಿಂದೆ ಒಬ್ಬರೇ ಇರುವವರು ನೀವು. ಚಿಲಕ ಸರಿಯಾಗಿ ಕೂರಬೇಕಾದ್ದು ಮೊದಲು ನಿಮಗೆ. ಬಡಗಿಗೆ ಫೋನ್ ನೀವೇ ಮಾಡಿ.