ಮರಳುವ ದಾರಿಯ ಲೆಕ್ಕ

ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿ ನಮ್ಮ ಹೊರನಾಡ ಕನ್ನಡ ಮನೆಗಳಲ್ಲಿ ಈಗ ಹೊಸದೊಂದು ಹಂಗಾಮು. ಡೊಂಬಿವಲಿಯಲ್ಲಾಗಲಿ, ಪಿಂಪ್ರಿಯಲ್ಲಾಗಲಿ, ಹೈದರಾಬಾದಿನ ಕಾಚಿಗುಡದಲ್ಲಾಗಲಿ, ಪದವಿ ಮುಗಿಸಿದ ಮಗನಿಗೋ ಮಗಳಿಗೋ ಎರಡು ಮೂರು ದೇಶಗಳ ವಿಶ್ವವಿದ್ಯಾಲಯಗಳಿಂದ ಪ್ರವೇಶದ ಒಪ್ಪಿಗೆ ಪತ್ರಗಳು ಬಂದಿರುತ್ತವೆ. ಒಂದು ಅಮೆರಿಕದ್ದು, ಒಂದು ಇಂಗ್ಲೆಂಡಿನದು, ಇನ್ನೊಂದು ಜರ್ಮನಿಯದು. ಯಾವುದಕ್ಕೆ ಹೂಂ ಎನ್ನಬೇಕು? ಆ ಪ್ರಶ್ನೆಗೆ ಉತ್ತರ ಹೇಳಲು ನೆಂಟರಿದ್ದಾರೆ, ಏಜೆಂಟರಿದ್ದಾರೆ, ಮೊದಲೇ ಹೋಗಿ ನೆಲೆಸಿದ ಪಕ್ಕದ ಮನೆಯ ಹುಡುಗನಿದ್ದಾನೆ. ಎಲ್ಲರೂ ಹೋಗುವ ದಾರಿಯ ಬಗೆಗೇ ಮಾತನಾಡುತ್ತಾರೆ. ಮರಳುವ ದಾರಿಯ ಲೆಕ್ಕವನ್ನು ಮೊದಲು ಮಾಡಿದರೆ ಆಯ್ಕೆ ಹೆಚ್ಚು ಸುಲಭವೂ ಹೆಚ್ಚು ಪ್ರಾಮಾಣಿಕವೂ ಆಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ವಿದೇಶಕ್ಕೆ ಓದಲು ಹೋದವರ ದೊಡ್ಡ ಸಾಲಿದೆ. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ಶಿಷ್ಯವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. 'ಸಂಸ್ಕಾರ' ಹುಟ್ಟಿದ್ದು ಅಲ್ಲಿ. ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಸೇರಿದರು. ಒಬ್ಬರು ಮರಳಿದರು, ಒಬ್ಬರು ಅಲ್ಲಿಯೇ ಉಳಿದರು. ಇಬ್ಬರಲ್ಲಿ ಯಾರೂ ಆ ಓದಿಗಾಗಿ ಊರ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಹೊರಟವರಲ್ಲ. ಅವರ ಓದಿನ ಖರ್ಚನ್ನು ಶಿಷ್ಯವೇತನ ಹೊತ್ತಿತ್ತು.

ಅವರಿಗಿಂತ ಹಿಂದಿನ, ಮುಂಬಯಿಗೆ ಇನ್ನೂ ಹತ್ತಿರದ ನಿದರ್ಶನ ಡಾ. ಅಂಬೇಡ್ಕರ್ ಅವರದು. 1913ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಶಿಷ್ಯವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ದಾಟಿದರಾದರೂ 1917ರಲ್ಲಿ ಶಿಷ್ಯವೇತನದ ಅವಧಿ ಮುಗಿದದ್ದರಿಂದ ಓದನ್ನು ನಡುವೆ ನಿಲ್ಲಿಸಿ ಮರಳಬೇಕಾಯಿತು. ಒಪ್ಪಂದದಂತೆ ಬರೋಡೆಯ ಸೇವೆಗೆ ಸೇರಿದ ಅವರಿಗೆ ಆ ಊರಿನಲ್ಲಿ ಜಾತಿಯ ಕಾರಣದಿಂದ ಇರಲೊಂದು ಸೂರೂ ಸಿಗಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಗೆಳೆಯರ ಕೈಸಾಲವನ್ನೂ ಸೇರಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಅರ್ಧಕ್ಕೆ ನಿಂತ ಓದಿಗೆ ಹಿಂದಿರುಗಿ ಅದನ್ನು ಮುಗಿಸಲು ಅವರಿಗೆ ಸಾಧ್ಯವಾಯಿತು. ಮರಳಿ ಬಂದದ್ದು ಕಹಿಯಾಗಿತ್ತು, ಆದರೆ ಅದು ಅವರ ದಾರಿಯನ್ನು ಮುಚ್ಚಲಿಲ್ಲ.

ಇಂದಿನ ವಿದ್ಯಾರ್ಥಿಯ ಸ್ಥಿತಿ ಬೇರೆ. ಪೂರ್ಣ ಶಿಷ್ಯವೇತನ ದೊರೆಯುವುದು ಕೆಲವೇ ಕೆಲವರಿಗೆ. ಉಳಿದವರು ಹೋಗುವುದು ಸಾಲದ ಮೇಲೆ. ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಸರಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಆ ಆಸ್ತಿ ಎಂದರೆ ಅಪ್ಪ ಮೂವತ್ತು ವರ್ಷ ದುಡಿದು ಕೊಂಡ ಎರಡು ಕೋಣೆಯ ಫ್ಲ್ಯಾಟು, ಇಲ್ಲವೇ ಊರಿನಲ್ಲಿ ಉಳಿದಿರುವ ಪಾಲಿನ ಜಾಗ. ಒಂದು ಸರಳ ಲೆಕ್ಕ ಹಾಕೋಣ. ನಲವತ್ತು ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 11ರ ಬಡ್ಡಿಯಾದರೆ, ಹತ್ತು ವರ್ಷದ ತೀರುವಳಿಯಲ್ಲಿ ತಿಂಗಳ ಕಂತು ಸುಮಾರು 55 ಸಾವಿರ. ಓದುವಾಗಲೂ ಕೆಲಸ ಹುಡುಕುವಾಗಲೂ ಕಂತು ಕಟ್ಟದೆ ಎರಡೂವರೆ ವರ್ಷ ಕಳೆದರೆ ಸರಳ ಬಡ್ಡಿಯೇ 11 ಲಕ್ಷ ಸೇರುತ್ತದೆ. ಆಗ ಕಂತು ಸುಮಾರು 70 ಸಾವಿರಕ್ಕೆ ಏರುತ್ತದೆ. ಸಾಲ ಹಂತಹಂತವಾಗಿ ಬಿಡುಗಡೆಯಾಗುವುದರಿಂದ ಇದು ತುಸು ತಗ್ಗಬಹುದು. ಡಾಲರಿನ ಸಂಬಳದಲ್ಲಿ ಈ ಕಂತು ಸಣ್ಣದು. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಆಗತಾನೆ ಕೆಲಸಕ್ಕೆ ಸೇರಿದವರ ಸಂಬಳದಲ್ಲಿ ಅದು ಇಡೀ ತಿಂಗಳನ್ನೇ ನುಂಗಬಲ್ಲದು.

ಆದ್ದರಿಂದ ಪ್ರತಿ ಒಪ್ಪಿಗೆ ಪತ್ರಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ಓದು ಮುಗಿದ ಮರುದಿನವೇ ಮರಳಬೇಕಾಗಿ ಬಂದರೆ ಈ ಪದವಿ ಈ ಬೆಲೆಗೆ ಬಾಳುತ್ತದೆಯೆ? ಮನೆ ಉಳಿಯುತ್ತದೆಯೆ?

ಈ ಪ್ರಶ್ನೆ ಅತಿಯಾದ ಅಂಜಿಕೆಯಿಂದ ಹುಟ್ಟಿದ್ದಲ್ಲ. ದೇಶಗಳ ನಿಯಮಗಳು ವಿದ್ಯಾರ್ಥಿಯ ಓದಿಗಿಂತ ವೇಗವಾಗಿ ಬದಲಾಗುತ್ತಿವೆ. ಕೆನಡಾವನ್ನೇ ನೋಡಿ. 2024ರ ಜನವರಿಯಲ್ಲಿ ಅದು ವಿದೇಶಿ ವಿದ್ಯಾರ್ಥಿಗಳ ಪರವಾನಿಗೆಗೆ ಮಿತಿ ಹಾಕಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಆಗ ಹೊರಗಿದ್ದರು. ಮರುವರ್ಷ ಅವರೂ ಮಿತಿಯೊಳಗೆ ಬಂದರು. 2026ರಿಂದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮತ್ತೆ ವಿನಾಯಿತಿ. ಅಲ್ಲಿ ಎರಡು ವರ್ಷದ ಓದಿಗೆ ಹೊರಟವನು ಒಂದೇ ಪದವಿ ಮುಗಿಸುವುದರೊಳಗೆ ಮೂರು ಬಗೆಯ ನಿಯಮಗಳನ್ನು ಕಂಡ.

ಇಂಗ್ಲೆಂಡಿನ ಆಕರ್ಷಣೆ ಅದರ ಒಂದು ವರ್ಷದ ಸ್ನಾತಕೋತ್ತರ ಪದವಿ. ಒಂದು ವರ್ಷದ ಶುಲ್ಕ, ಒಂದು ವರ್ಷದ ಬಾಡಿಗೆ, ಬೇಗ ದುಡಿಮೆ ಎಂಬುದು ಒಳ್ಳೆಯ ವಾದವೇ. ಆದರೆ ಸೆಪ್ಟೆಂಬರಿನಲ್ಲಿ ಇಳಿದವರು ಬೀಡು ಹುಡುಕಿ, ಚಳಿಗೆ ಹೊಂದಿಕೊಂಡು, ಗ್ರಂಥಾಲಯದ ದಾರಿ ತಿಳಿಯುವಷ್ಟರಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಕಾಲ ಬಂದಿರುತ್ತದೆ. ಓದು ಮುಗಿದ ಮೇಲೆ ಅಲ್ಲಿರಲು ಕೊಡುವ ಎರಡು ವರ್ಷದ ಅವಧಿಯನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಸಲಾಗಿದೆ. ಆಮೇಲೂ ಉಳಿಯಬೇಕಾದರೆ ಬೇಕಾಗುವ ಕೆಲಸದ ವೀಸಾದ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಲ್ಲಿ 41,700 ಪೌಂಡಿಗೆ ಏರಿತು. ಹೊಸ ಪದವೀಧರರಿಗೆ ಅದರಲ್ಲಿ ತುಸು ರಿಯಾಯಿತಿ ಇದೆ. ಓದು ಚಿಕ್ಕದು, ತಂಗುವ ಅವಕಾಶವೂ ಚಿಕ್ಕದು.

ಅಮೆರಿಕದಲ್ಲಿ ಓದಿನ ನಂತರ ಒಂದು ವರ್ಷ ಕೆಲಸ ಮಾಡಲು ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪದವೀಧರರಿಗೆ ಮತ್ತೆರಡು ವರ್ಷ ಹೆಚ್ಚು. ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರಿಗಿಂತ ಕೋರ್ಸು ಯಾವ ವರ್ಗಕ್ಕೆ ಸೇರಿದೆ ಎಂಬುದು ಮುಖ್ಯವಾಗುವುದು ಇಲ್ಲಿ. ಅಲ್ಲಿಂದ ಮುಂದೆ ಎಚ್-1ಬಿ ವೀಸಾದ ಸರದಿ. ಕಂಪನಿಗಳ ಪಾಲಿಗೆ ವರ್ಷಕ್ಕೆ 85 ಸಾವಿರ ಮಾತ್ರ. ಅದರಲ್ಲಿ 20 ಸಾವಿರ ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಮೀಸಲು. ಅರ್ಹತೆ ಇದ್ದೂ ಸಿಗದೆ ಹೋದವರು ಬಹಳ ಮಂದಿ. 2025ರ ಸೆಪ್ಟೆಂಬರಿನಲ್ಲಿ ಬಂದ ಆಜ್ಞೆ, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರಿನ ಹೊರೆ ಹೇರಿತು. ಅಲ್ಲೇ ಓದಿ ಅಲ್ಲೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ತಗಲುವುದಿಲ್ಲ ಎಂದು ಅಲ್ಲಿನ ಸರಕಾರ ಸ್ಪಷ್ಟಪಡಿಸಿತು. ಇದರ ತಿರುಳನ್ನು ಗಮನಿಸಬೇಕು: ಒಮ್ಮೆ ಮರಳಿ ಬಂದವರಿಗೆ ಮತ್ತೆ ಹೋಗುವ ಬಾಗಿಲು ಈಗ ಬಹಳ ಭಾರವಾಗಿದೆ. ಹೀಗಿರುವಾಗ ಮನೆಯಲ್ಲಿ ಕಾಯಿಲೆ ಕಸಾಲೆಯಾದರೂ ಬಂದು ನೋಡಲು ಹಿಂಜರಿಯುವ ಮಕ್ಕಳನ್ನು ನಾವು ದೂಷಿಸಲಾರೆವು.

ಜರ್ಮನಿಯ ಸಾರ್ವಜನಿಕ ವಿಶ್ವವಿದ್ಯಾಲಯಗಳು ಬಹುಪಾಲು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ವಿಧಿಸುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ ಶುಲ್ಕ ಹಾಕಿದೆ. ಹೆಸರು ಕೇಳಿ ಹೋಗುವವರು ಇದನ್ನು ತಿಳಿದಿರಬೇಕು. ಮೊದಲ ವರ್ಷದ ಜೀವನಕ್ಕೆಂದು 11,904 ಯೂರೊಗಳನ್ನು, ಎಂದರೆ ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸಿನ ಹಣವನ್ನು, ತಡೆಹಿಡಿದ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದು ಶುಲ್ಕವಲ್ಲ; ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಬರುತ್ತದೆ. ಪದವಿಯ ನಂತರ ಕೆಲಸ ಹುಡುಕಲು ಹದಿನೆಂಟು ತಿಂಗಳಿವೆ. ಇಲ್ಲಿ ತೆರಬೇಕಾದ ಬೆಲೆ ಬೇರೆ ನಾಣ್ಯದಲ್ಲಿದೆ, ಅದು ಭಾಷೆ. ತರಗತಿ ಇಂಗ್ಲಿಷಿನಲ್ಲಿ ನಡೆಯಬಹುದು, ಸಂದರ್ಶನ ಜರ್ಮನ್ನಿನಲ್ಲಿ ನಡೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಎಂದು ಬೆಳೆದ ಹೊರನಾಡಿನ ಮಗುವಿಗೆ ಐದನೆಯ ಭಾಷೆ ಅಸಾಧ್ಯವೇನಲ್ಲ. ಆದರೆ ಅದನ್ನು ವಿಮಾನ ಹತ್ತುವ ಮೊದಲೇ ಆರಂಭಿಸಬೇಕು.

ಮೂರು ದೇಶಗಳನ್ನೂ ಮರಳುವ ದಾರಿಯ ಲೆಕ್ಕದಲ್ಲಿ ಅಳೆದರೆ ಒಂದು ಸಂಗತಿ ಕಾಣುತ್ತದೆ. ಜರ್ಮನಿಯಿಂದ ಬರಿಗೈಯಲ್ಲಿ ಮರಳಿದರೂ ಹೆಚ್ಚಿನ ಮನೆಗಳು ನಿಲ್ಲುತ್ತವೆ. ಇಂಗ್ಲೆಂಡಿನಿಂದ ಮರಳಿದರೆ ಬಾಗುತ್ತವೆ. ಶಿಷ್ಯವೇತನವಿಲ್ಲದೆ ಅಮೆರಿಕಕ್ಕೆ ಹೋಗಿ ಕೆಲಸವಿಲ್ಲದೆ ಮರಳಿದರೆ ಮುರಿಯುವ ಸಾಧ್ಯತೆಯೇ ಹೆಚ್ಚು. ಹಾಗೆಂದು ಎಲ್ಲರೂ ಜರ್ಮನಿಗೇ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಪತ್ರದ ಜೊತೆ ಬೋಧನಾ ಸಹಾಯಕನ ಕೆಲಸ ಬಂದು ಶುಲ್ಕ ಮಾಫಿಯಾದರೆ ಲೆಕ್ಕ ತಲೆಕೆಳಗಾಗುತ್ತದೆ. ಸ್ವಂತ ಉಳಿತಾಯದಿಂದ ಇಂಗ್ಲೆಂಡಿಗೆ ಹೋಗುವವರ ಮಾತೇ ಬೇರೆ. ಲೆಕ್ಕ ಪ್ರತಿ ಮನೆಗೂ ಬೇರೆಯಾಗುತ್ತದೆ. ಅದನ್ನು ಪಕ್ಕದ ಮನೆಯಿಂದ ಎರವಲು ತರಲಾಗದು.

ರ‍್ಯಾಂಕಿಂಗ್ ಪಟ್ಟಿಯೂ ಈ ಲೆಕ್ಕವನ್ನು ಮಾಡಿಕೊಡುವುದಿಲ್ಲ. ನಮ್ಮಲ್ಲಿ ಹೆಚ್ಚು ಚಲಾವಣೆಯಲ್ಲಿರುವ ಕ್ಯೂಎಸ್ ಪಟ್ಟಿಯಲ್ಲಿ ಶೇಕಡಾ 30ರಷ್ಟು ತೂಕ, ಪ್ರಾಧ್ಯಾಪಕರನ್ನು ಸಮೀಕ್ಷೆಯಲ್ಲಿ ಕೇಳಿ ತಿಳಿದ ಕೀರ್ತಿಗೆ ಸಲ್ಲುತ್ತದೆ. ಉದ್ಯೋಗದಾತರ ನಡುವಿನ ಕೀರ್ತಿಗೆ ಇನ್ನೂ 15. ಇಡೀ ವಿಶ್ವವಿದ್ಯಾಲಯದ ಸ್ಥಾನ ನಾವು ಸೇರುವ ಕೋರ್ಸಿನ ಗುಣವನ್ನು ಹೇಳುವುದಿಲ್ಲ. ಏಜೆಂಟರ ವಿಚಾರವೂ ಹಾಗೆಯೇ: ತಮ್ಮಲ್ಲಿ ವಿದ್ಯಾರ್ಥಿ ಸೇರಿದಾಗ ಅನೇಕ ವಿಶ್ವವಿದ್ಯಾಲಯಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಸಲಹೆ ಪುಕ್ಕಟೆ ಎಂದಾಗ ಅದರ ಬೆಲೆ ತೆರುವವರು ಯಾರೆಂದು ಕೇಳುವುದು ಅವಮಾನವಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ಮರಳುವ ಲೆಕ್ಕ ಹಾಕಿಕೊಂಡು ಕುಳಿತವರು ಎಂದಾದರೂ ಹೊರಡುತ್ತಾರೆಯೆ? ನಮ್ಮ ಹಿರಿಯರು ಉಡುಪಿಯಿಂದ, ಕುಂದಾಪುರದಿಂದ ಮುಂಬಯಿಗೆ ಬಂದದ್ದು ಲೆಕ್ಕ ಹಾಕಿಯೆ? ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬ್ಯಾಂಕು, ಕಚೇರಿಗಳನ್ನು ಸೇರಿದವರ ಸಾಹಸವನ್ನು ಮರೆಯಲಾದೀತೆ? ಮರೆಯಲಾಗದು. ಆದರೆ ಆ ಸಾಹಸದ ಸ್ವರೂಪವನ್ನೂ ನೆನೆಯಬೇಕು. ಅವರ ಓದು ಅವರ ದುಡಿಮೆಯಿಂದಲೇ ನಡೆಯುತ್ತಿತ್ತು. ಮುಂಬಯಿ ಕೈಬಿಟ್ಟರೆ ಊರಿಗೆ ಮರಳಲು ವೀಸಾ ಬೇಕಿರಲಿಲ್ಲ; ಮರಳಿ ಮುಂಬಯಿಗೆ ಬರಲೂ ಬೇಕಿರಲಿಲ್ಲ. ಧೈರ್ಯವಿತ್ತು, ಮೇಲೆ ಬಾಗಿಲೂ ತೆರೆದಿತ್ತು. ಅವರ ಧೈರ್ಯವನ್ನು ಮಾತ್ರ ಮಕ್ಕಳಿಗೆ ಉಪದೇಶಿಸಿ ಬಾಗಿಲಿನ ಮಾತನ್ನು ಬಿಟ್ಟರೆ ಅದು ಅರ್ಧ ಚರಿತ್ರೆ.

ಮರಳುವುದರ ಇನ್ನೊಂದು ಬೆಲೆ ಯಾವ ಕೋಷ್ಟಕದಲ್ಲಿಯೂ ಕಾಣುವುದಿಲ್ಲ. ಅದು ನಾಚಿಕೆ. 'ಹೋದವನು ಯಾಕೆ ಬಂದ?' ಎಂಬ ಮದುವೆ ಮಂಟಪದ ಪಿಸುಮಾತಿಗೆ ಅಂಜಿ, ನಿಯಮ ಮೀರಿದ ಗಂಟೆಗಳಲ್ಲಿ ದುಡಿದು, ನೆಲಮಾಳಿಗೆಯ ಕೋಣೆಯನ್ನು ನಾಲ್ವರೊಂದಿಗೆ ಹಂಚಿಕೊಂಡು, ಮನೆಗೆ ಫೋನಿನಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನುವ ಮಕ್ಕಳಿದ್ದಾರೆ. ಬಡ್ಡಿಯನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಈ ನಾಚಿಕೆಯನ್ನು ಇಳಿಸುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಸಂಘಗಳ ವಾರ್ಷಿಕೋತ್ಸವಗಳಲ್ಲಿ ವಿದೇಶಕ್ಕೆ ಹೊರಟವರಿಗೆ ಶಾಲು ಹೊದಿಸುವ ವೇದಿಕೆಗೇ, ಓದಿ ಮರಳಿ ಬಂದವರನ್ನೂ ಕರೆಯೋಣ. ಅವರ ಖರ್ಚಿನ ನಿಜವಾದ ಪಟ್ಟಿಯನ್ನು, ಬಾಡಿಗೆಯ ಅನುಭವವನ್ನು, ಯಾವ ಕೋರ್ಸು ಹೆಸರಿಗೆ ತಕ್ಕಂತಿತ್ತು ಎಂಬುದನ್ನು ಕಿರಿಯರು ಅವರ ಬಾಯಿಂದಲೇ ಕೇಳಲಿ. ಯಾವ ಜಾಹೀರಾತಿನಲ್ಲೂ ಸಿಗದ ಮಾಹಿತಿ ಅದು.

ಮನೆಗಳೊಳಗೆ ಆಗಬೇಕಾದದ್ದು ಇದಕ್ಕಿಂತ ಸರಳ, ಬಹುಶಃ ಇದಕ್ಕಿಂತ ಕಷ್ಟ. ಮಕ್ಕಳಿಗೆ ಚಿಂತೆಯಾಗಬಾರದೆಂದು ಹೆತ್ತವರು ಅಡವಿನ ಕಾಗದವನ್ನು ಬಚ್ಚಿಡುತ್ತಾರೆ. ಹೆತ್ತವರು ನೊಂದುಕೊಳ್ಳಬಾರದೆಂದು ಮಕ್ಕಳು ತಮ್ಮ ಅಳುಕನ್ನು ಬಚ್ಚಿಡುತ್ತಾರೆ. ಇಬ್ಬರ ಪ್ರೀತಿಯೂ ನಿಜ. ಹಾಗೆ ಎರಡೂ ಕಡೆ ಬಚ್ಚಿಟ್ಟ ಮೇಲೆ ಆಯ್ಕೆ ಮಾಡುವವರು ಮಾತ್ರ ಮೂರನೆಯವರು. ಹೂಂ ಎನ್ನುವ ಮೊದಲು ಒಂದು ಸಂಜೆ ಎಲ್ಲ ಕಾಗದಗಳೂ ಒಂದೇ ಮೇಜಿನ ಮೇಲೆ ಇರಲಿ: ಒಪ್ಪಿಗೆ ಪತ್ರಗಳು, ಶುಲ್ಕದ ವಿವರ, ಸಾಲದ ಷರತ್ತು, ಮನೆಯ ಪತ್ರ. ಕೆಲಸ ಸಿಕ್ಕರೆ ಕಂತು ಎಷ್ಟು, ಸಿಗದೆ ಮರಳಿದರೆ ಆ ಕಂತನ್ನು ಕಟ್ಟುವವರು ಯಾರು, ಎಷ್ಟು ತಿಂಗಳು ಎಂಬುದನ್ನು ಮಕ್ಕಳೇ ತಮ್ಮ ಕೈಯಾರೆ ಬರೆಯಲಿ. ಆ ಎರಡನೆಯ ಉತ್ತರವನ್ನು ಓದಿದ ಮೇಲೂ ಮನೆಯ ಎಲ್ಲರೂ ಒಪ್ಪುವ ವಿಶ್ವವಿದ್ಯಾಲಯ ಯಾವುದೋ, ಅದು ಯಾವ ದೇಶದಲ್ಲಿದ್ದರೂ, ಅದಕ್ಕೇ ಹೋಗಬೇಕು.