ಬೀಜ ಮೊಳೆಯದಿದ್ದರೆ ನಷ್ಟ ಯಾರಿಗೆ? ಸಸಿಮಡಿಗೆ ಮೊದಲೇ ನೋಡಬೇಕಾದ ಲೆಕ್ಕ

ಅಮ್ಮತ್ತಿ: ಮಳೆ ಹಿಡಿಯಿತು ಅಂದರೆ ಹೋಬಳಿಯಲ್ಲಿ ಬಿತ್ತನೆ ಭತ್ತದ ಮಾತು ಶುರು. ಇಂಟಾನ್ ಸಿಕ್ಕಿತಾ, ತುಂಗಾ ಬಂತಾ ಅಂತ ಕೇಳುವವರು ಹೆಚ್ಚು. ತಂದ ಬೀಜ ಎಷ್ಟು ಮೊಳೆಯುತ್ತೆ ಅಂತ ನೋಡುವವರು ಕಡಿಮೆ.

ಇಲ್ಲಿ ಭತ್ತ ವರ್ಷಕ್ಕೆ ಒಂದೇ ಬೆಳೆ. ಜೂನ್‌ನಲ್ಲಿ ಹಾಕಿದ ಸಸಿಮಡಿ ಕೈಕೊಟ್ಟರೆ, ಮತ್ತೆ ಬೀಜ ತಂದು ಸಸಿ ಏಳಿಸುವಷ್ಟರಲ್ಲಿ ಮೂರು ವಾರ ಹೋಯ್ತು. ನಾಟಿ ಆಳುಗಳು ಅಷ್ಟರಲ್ಲಿ ಬೇರೆಯವರ ಗದ್ದೆಯಲ್ಲಿರ್ತಾರೆ. ಗದ್ದೆ ಪಾಳು ಬೀಳೋದಕ್ಕೆ ಕಾಡಾನೆಯೊಂದೇ ಕಾರಣ ಅಲ್ಲ.

ಖರ್ಚಿಲ್ಲದ ಮೊದಲ ದಾರಿ ಉಪ್ಪುನೀರು. ತಾಜಾ ಕೋಳಿಮೊಟ್ಟೆ ಮೇಲೆದ್ದು ತೇಲುವವರೆಗೆ ನೀರಿಗೆ ಉಪ್ಪು ಕರಗಿಸಿ ಬೀಜ ಸುರಿದರೆ ಜೊಳ್ಳು ಮೇಲೆ, ಗಟ್ಟಿ ಕಾಳು ಕೆಳಗೆ. ಗಟ್ಟಿ ಕಾಳನ್ನು ಒಳ್ಳೆ ನೀರಿನಲ್ಲಿ ಎರಡು ಸಲ ತೊಳೆಯಲೇಬೇಕು, ಉಪ್ಪು ಉಳಿದರೆ ಮೊಳಕೆಗೇ ಪೆಟ್ಟು. ಆಮೇಲೆ ಕಿಲೋಗೆ 2 ಗ್ರಾಂ ಕಾರ್ಬೆಂಡಜಿಮ್. ಪೊನ್ನಂಪೇಟೆ ಭಾಗ ಬೆಂಕಿ ರೋಗಕ್ಕೆ ಹೆಸರಾದ ಜಾಗ, ಬೀಜದ ಜೊತೆ ಬರುವ ರೋಗಕ್ಕೆ ಮಡಿಗೆ ಹಾಕುವ ಮೊದಲೇ ತಡೆ ಹಾಕೋದು ಲೇಸು. ಒಂದು ದಿನ ನೆನೆಸಿ, ಗೋಣಿಯಲ್ಲಿ ಕಟ್ಟಿ ಬೆಚ್ಚಗಿಡಬೇಕು. ಜೂನ್ ಚಳಿಗೆ ಮೊಳಕೆ ಇಲ್ಲಿ ಸ್ವಲ್ಪ ನಿಧಾನ.

ಇದನ್ನೇ ಬೀದರ್, ಬೆಳಗಾವಿ ಕಡೆಯ ಸೋಯಾಬೀನ್‌ಗೆ ಮಾಡಿದರೆ ಕೆಲಸ ಕೆಡುತ್ತೆ. ಸೋಯಾ ಸಿಪ್ಪೆ ತೆಳು, ನೆನೆಸಿದರೆ ಬಿರಿಯುತ್ತೆ. ಅದಕ್ಕೆ ಒಣ ಪುಡಿಯ ಉಪಚಾರವೇ ಸರಿ. ಆದರೂ ಸತ್ತ ಬೀಜವನ್ನು ಯಾವ ಔಷಧವೂ ಎಬ್ಬಿಸಲ್ಲ. 2019ರ ಕೊಯ್ಲಿನಲ್ಲಿ ಮಳೆಗೆ ನೆನೆದ ಸೋಯಾ ಮರುವರ್ಷ ಬೀಜವಾಗಿ ಮಾರಾಟವಾಯ್ತು, 2020ರಲ್ಲಿ ಮಹಾರಾಷ್ಟ್ರದಲ್ಲಿ ಮೊಳೆಯಲಿಲ್ಲ ಅಂತ ದೂರುಗಳ ರಾಶಿ. ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು.

ಪ್ರಮಾಣಿತ ಭತ್ತದ ಬೀಜ 100ಕ್ಕೆ ಕನಿಷ್ಠ 80 ಮೊಳೆಯಬೇಕು, ಸೋಯಾ 70. ಚೀಲದ ನೀಲಿ ಚೀಟಿಯಲ್ಲಿ ಲಾಟ್ ನಂಬರ್, ಅವಧಿ ಎಲ್ಲ ಇರುತ್ತೆ. ಅಂಗಡಿಯವರೂ ಒಂದು ನೋಡಬೇಕು: ಕೊಡಗಿನ ಥಂಡಿಯಲ್ಲಿ ಸಿಮೆಂಟ್ ನೆಲದ ಮೇಲೆ ಬರಿದೇ ಇಟ್ಟ ಚೀಲ ತೇವ ಎಳೆಯುತ್ತೆ, ಚೀಟಿಯಲ್ಲಿರುವ ಸಂಖ್ಯೆ ಚೀಟಿಯಲ್ಲೇ ಉಳಿಯುತ್ತೆ. ಹಲಗೆ ಹಾಕೋದಕ್ಕೆ ಏನು ಮಹಾ ಖರ್ಚು?

ಮಡಿಗೆ ಹಾಕುವ ಹತ್ತು ದಿನ ಮುಂಚೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮನೆಯಲ್ಲೇ ಗೊತ್ತಾಗುತ್ತೆ. 80ಕ್ಕಿಂತ ತುಂಬಾ ಕಡಿಮೆ ಬಂದರೆ ಬಿಲ್ಲು, ಚೀಟಿ, ಉಳಿದ ಬೀಜ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಬಹುದು. ಬಿತ್ತಿ ಮುಗಿಸಿ, ಚೀಲವನ್ನು ಒಲೆಗೆ ಹಾಕಿದ ಮೇಲೆ ಹೋದರೆ ತೋರಿಸೋದಕ್ಕೆ ಏನೂ ಇರಲ್ಲ.