ಆಟದಂಗಳದ ದಾಕ್ಷಿಣ್ಯ

ದಾಕ್ಷಿಣ್ಯವು ನಮ್ಮ ಜನರ ಸೌಜನ್ಯದ ಒಂದು ಮುಖ. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸಲಾರೆವು; ಹಳೆಯ ಪರಿಚಯದವನ ಮಾತನ್ನು ತೆಗೆದುಹಾಕಲಾರೆವು; ಉಪ್ಪಿನ ಋಣವನ್ನು ಮರೆಯಲಾರೆವು. ಸಂಸಾರದಲ್ಲಿಯೂ ನೆರೆಹೊರೆಯಲ್ಲಿಯೂ ಇದು ಬಾಳನ್ನು ಮೃದುಗೊಳಿಸುವ ಗುಣ. ಆದರೆ ಗುಣಗಳಿಗೂ ತಮ್ಮ ತಮ್ಮ ಎಲ್ಲೆಗಳುಂಟು. ಮನೆಯ ಪಡಸಾಲೆಯಲ್ಲಿ ಶೋಭಿಸುವ ದಾಕ್ಷಿಣ್ಯ ತಕ್ಕಡಿ ಹಿಡಿದವನ ಕೈಯಲ್ಲಿ ಶೋಭಿಸುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಅಂಥ ಒಂದು ತಕ್ಕಡಿಯ ವಿಷಯ: ಮಕ್ಕಳ ಆಟದ ತಂಡಗಳಿಗೆ ನಡೆಯುವ ಆಯ್ಕೆ, ಜನರ ಬಾಯಲ್ಲಿ ‘ಸೆಲೆಕ್ಷನ್’.

ಮಕ್ಕಳ ಆಟಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೆಲವರು ನಗಬಹುದು. ನಗುವ ಮುನ್ನ ಅವರು ಶಾಲಾ ಕ್ರೀಡಾಕೂಟದ ಕಾಲದಲ್ಲಿ ಯಾವುದಾದರೊಂದು ತಾಲ್ಲೂಕು ಮೈದಾನದ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ನಮ್ಮ ರಾಜ್ಯದಲ್ಲಿ ಶಾಲೆಯ ಹುಡುಗನೊಬ್ಬ ವಲಯದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಅದರಾಚೆಗೆ ರಾಷ್ಟ್ರಮಟ್ಟದ ಶಾಲಾ ಕ್ರೀಡೆಗಳು. ಕಬಡ್ಡಿಯಲ್ಲಿ ಅಂಗಳಕ್ಕಿಳಿಯುವವರು 7 ಜನ, ಖೊಖೋದಲ್ಲಿ 9 ಜನ, ವಾಲಿಬಾಲಿನಲ್ಲಿ 6 ಜನ. ಬದಲಿಗೆ ಕಾದಿರುವವರನ್ನು ಸೇರಿಸಿದರೂ ಪಟ್ಟಿ ಉದ್ದವಾಗುವುದಿಲ್ಲ. ಮೈದಾನದಲ್ಲಿ ನೆರೆದ ಮಕ್ಕಳಾದರೋ ಅನೇಕರು. ಮುಂದೆ ಕಾಲೇಜಿನ ಸೀಟಿಗೆ ಕ್ರೀಡಾ ಕೋಟಾದ ಬಾಗಿಲು ತೆರೆಯಬೇಕಾದರೆ ಈ ಮೆಟ್ಟಿಲುಗಳಲ್ಲಿ ದೊರೆತ ಪ್ರಮಾಣಪತ್ರವೇ ಬೀಗದ ಕೈ. ಬಡವರ ಮನೆಯ ಮಗುವಿಗೆ ಅದು ಅಲಂಕಾರದ ಕಾಗದವಲ್ಲ.

ಇದಕ್ಕಿಂತಲೂ ದೊಡ್ಡ ಮಾತೊಂದಿದೆ. ಹದಿಮೂರು ವರ್ಷದ ಮಗು ಮನೆಯ ಹೊರಗಿನ ಹಿರಿಯನೊಬ್ಬನ ತೀರ್ಪಿಗೆ ತನ್ನನ್ನು ಒಪ್ಪಿಸಿಕೊಂಡು ನಿಲ್ಲುವುದು ಬಹುಶಃ ಅಲ್ಲಿಯೇ ಮೊದಲು. ಪರೀಕ್ಷೆಯ ಉತ್ತರಪತ್ರಿಕೆ ಲಕೋಟೆಯೊಳಗೆ ಹೋಗುತ್ತದೆ. ಆಟದ ಪರೀಕ್ಷೆ ಮಾತ್ರ ಎಲ್ಲರ ಕಣ್ಣೆದುರಿಗೆ. ಯಾರು ಹೇಗೆ ಆಡಿದರೆಂಬುದನ್ನು ಮಕ್ಕಳು ಬಲ್ಲರು. ಪಟ್ಟಿ ಓದಿದಾಗ ತಾವು ಕಂಡದ್ದಕ್ಕೂ ತಾವು ಕೇಳಿದ್ದಕ್ಕೂ ಹೊಂದಿಕೆಯಿಲ್ಲವಾದರೆ, ಅವರು ಅಂದು ಕಲಿಯುವ ಪಾಠ ಕಬಡ್ಡಿಯದಾಗಿರುವುದಿಲ್ಲ, ಲೋಕದ್ದಾಗಿರುತ್ತದೆ.

ಇನ್ನೊಂದು ಪಕ್ಷದ ವಾದವನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ನನಗೆ ಪರಿಚಯದ ದೈಹಿಕ ಶಿಕ್ಷಕರೊಬ್ಬರಿದ್ದಾರೆ. ಪ್ರಾಮಾಣಿಕರು; ತಮ್ಮ ಸಂಬಳದಲ್ಲಿ ಮಕ್ಕಳಿಗೆ ಬಾಳೆಹಣ್ಣು, ಮೊಟ್ಟೆ, ಬೂಟು ಕೊಡಿಸಿದವರು. ಈ ವಿಷಯ ಬಂದಾಗ ಅವರು ನನಗೆ ಹೇಳಿದರು: “ಸ್ವಾಮಿ, ನೀವು ತಕ್ಕಡಿ ಎಂದು ಸುಲಭವಾಗಿ ಹೇಳಿಬಿಡುತ್ತೀರಿ. ನನ್ನ ಹುಡುಗರು ನಾಲ್ವರು ಮೂರು ವರ್ಷ ಬೆಳಗಿನ ಐದೂವರೆಗೆ ಮೈದಾನಕ್ಕೆ ಬಂದಿದ್ದಾರೆ. ಮಳೆಯಲ್ಲಿ ಬಂದಿದ್ದಾರೆ, ಚಳಿಯಲ್ಲಿ ಬಂದಿದ್ದಾರೆ. ಇವತ್ತು ಯಾರೋ ಒಬ್ಬ ಬಂದು ಒಂದು ಗಂಟೆ ಚೆನ್ನಾಗಿ ಆಡಿದನೆಂದು ಇವರಲ್ಲೊಬ್ಬನನ್ನು ಕೂರಿಸಲೇ? ಕೂರಿಸಿದರೆ ನಾಳೆ ಬೆಳಗ್ಗೆ ಯಾವ ಮುಖ ಇಟ್ಟುಕೊಂಡು ಇವರನ್ನು ‘ಬನ್ರೋ’ ಎಂದು ಕರೆಯಲಿ?”

ಈ ಮಾತಿನಲ್ಲಿ ತೂಕವಿದೆ. ಒಂದು ಗಂಟೆಯ ಪರೀಕ್ಷೆ ಎಂದಿಗೂ ಪೂರ್ತಿ ಸತ್ಯವನ್ನು ಹೇಳಲಾರದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ಹುಡುಗ ಬೆಳಗ್ಗೆ ಎಡವಬಹುದು. ಮೆರೆಯಲು ಬಲ್ಲವನು ಒಂದು ಗಂಟೆ ಮೆರೆದುಬಿಡಬಹುದು. ಕೂಡಿ ಆಡುವ ಆಟದಲ್ಲಿ ಹೊಂದಾಣಿಕೆಯೂ ಒಂದು ಯೋಗ್ಯತೆಯೇ. ಕಬಡ್ಡಿಯಲ್ಲಿ ಕೈಗೆ ಕೈ ಕೊಟ್ಟು ಸರಪಳಿಯಾಗಿ ನಿಲ್ಲುವವರು ಒಬ್ಬರ ಕಾಲಿನ ಇಂಗಿತವನ್ನು ಇನ್ನೊಬ್ಬರು ಬಲ್ಲವರಾಗಿರಬೇಕು. ಅದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಮೂರು ವರ್ಷದ ಮುಂಜಾವುಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಾನು ಹೇಳಲಾರೆ.

ಆದರೆ ಒಂದು ಪ್ರಶ್ನೆಯನ್ನು ಆ ಮಿತ್ರರಿಗೂ ಕೇಳಿದೆ, ಇಲ್ಲಿಯೂ ಕೇಳುತ್ತೇನೆ. ಅದೇ ಹುಡುಗ ಅಷ್ಟೇ ಶ್ರದ್ಧೆಯಿಂದ ಅಷ್ಟೇ ಮುಂಜಾವುಗಳನ್ನು ಪಕ್ಕದೂರಿನಲ್ಲಿ, ಬೇರೊಬ್ಬ ಶಿಕ್ಷಕರ ಕೈಕೆಳಗೆ ಕಳೆದಿದ್ದರೆ ಅವು ನಿಮ್ಮ ತಕ್ಕಡಿಯಲ್ಲಿ ಇಷ್ಟೇ ತೂಗುತ್ತಿದ್ದುವೆ? ತೂಗುತ್ತಿದ್ದುವು ಎಂದಾದರೆ ನೀವು ಶ್ರದ್ಧೆಯನ್ನು ತೂಗುತ್ತಿದ್ದೀರಿ, ಅದು ಸರಿ. ತೂಗುತ್ತಿರಲಿಲ್ಲ ಎಂದಾದರೆ ನೀವು ತೂಗುತ್ತಿರುವುದು ಶ್ರದ್ಧೆಯನ್ನಲ್ಲ, ‘ನಮ್ಮವನು’ ಎಂಬ ಒಂದು ಶಬ್ದವನ್ನು. ನಿಷ್ಠೆಗೂ ಪಕ್ಷಪಾತಕ್ಕೂ ನಡುವಿನ ಗೆರೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಮಿತ್ರರು ಕೂಡಲೆ ಉತ್ತರ ಕೊಡಲಿಲ್ಲ. ಅವರು ಯೋಚನೆ ಮಾಡುವ ಮನುಷ್ಯರು.

ಈ ಸಮಸ್ಯೆ ಹೊಸದಲ್ಲ. ನಮ್ಮ ಪುರಾತನ ಕಾವ್ಯದ ಬಹು ದೊಡ್ಡ ತರಬೇತುದಾರರೇ ಇದರಲ್ಲಿ ಸಿಲುಕಿದವರು. ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ಶಿಷ್ಯರನ್ನು ನೀರಿಗೆ ಕಳುಹಿಸುವಾಗ ಉಳಿದವರಿಗೆ ಕಿರುಬಾಯಿಯ ಪಾತ್ರೆಗಳನ್ನೂ, ಮಗ ಅಶ್ವತ್ಥಾಮನಿಗೆ ಅಗಲಬಾಯಿಯ ಪಾತ್ರೆಯನ್ನೂ ಕೊಡುತ್ತಿದ್ದರೆಂಬ ಕಥೆ ಪ್ರಚಲಿತ ಪಾಠದಲ್ಲಿದೆ. ಮಗ ಬೇಗ ಮರಳಿ ಬರಲಿ, ಉಳಿದವರು ಬರುವಷ್ಟರಲ್ಲಿ ಅವನಿಗೆ ನಾಲ್ಕು ಪಾಠ ಹೆಚ್ಚಾಗಲಿ ಎಂಬುದು ತಂದೆಯ ಉಪಾಯ. ಇಂದಿನ ಕ್ರಿಕೆಟ್ ಶಿಬಿರದಲ್ಲಿ ಕೋಚಿನ ಮಗನಿಗೆ ನೆಟ್ಟಿನಲ್ಲಿ ಹತ್ತು ನಿಮಿಷ ಹೆಚ್ಚು ದೊರೆಯುವುದನ್ನು ಕಂಡವರಿಗೆ ಈ ಕಥೆ ಪುರಾಣವೆನಿಸದು.

ಅದಕ್ಕಿಂತಲೂ ವಿಚಾರಯೋಗ್ಯವಾದದ್ದು ಮರದ ಮೇಲಿನ ಹಕ್ಕಿಯ ಪರೀಕ್ಷೆ. ಅರ್ಜುನನಿಗೆ ಹಕ್ಕಿಯ ತಲೆಯೊಂದೇ ಕಂಡಿತೆಂದು ನಾವೆಲ್ಲ ಬಾಲ್ಯದಿಂದ ಕೇಳಿ ಮೆಚ್ಚಿದ್ದೇವೆ. ಆದರೆ ಘಟನೆಗಳ ಕ್ರಮವನ್ನು ನೋಡಿ. ‘ನಿನಗೆ ಸಮನಾದ ಬಿಲ್ಲುಗಾರ ಲೋಕದಲ್ಲಿ ಇಲ್ಲದಂತೆ ಮಾಡುವೆನು’ ಎಂಬ ಅರ್ಥದ ಮಾತನ್ನು ಗುರು ಅರ್ಜುನನಿಗೆ ಕೊಟ್ಟದ್ದು ಮೊದಲು. ಏಕಲವ್ಯನ ಹೆಬ್ಬೆರಳು ಹೋದದ್ದು ಆಮೇಲೆ. ಹಕ್ಕಿಯ ಪರೀಕ್ಷೆ ನಡೆದದ್ದು ಎಲ್ಲಕ್ಕೂ ಆಮೇಲೆ. ಉಳಿದ ಶಿಷ್ಯರನ್ನು ಒಂದು ಪ್ರಶ್ನೆ ಕೇಳಿ ಪಕ್ಕಕ್ಕೆ ಸರಿಸಲಾಯಿತು. ಬಾಣ ಬಿಡುವ ಅವಕಾಶ ಅವರಿಗೆ ದೊರೆಯಲೇ ಇಲ್ಲ. ಅರ್ಜುನ ಯೋಗ್ಯನಾಗಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸಂದೇಹವಿರುವುದು ಪರೀಕ್ಷೆಯ ಮೇಲೆ. ಮಾತು ಮೊದಲು, ಪರೀಕ್ಷೆ ಅನಂತರ ಎಂದಾದ ಮೇಲೆ ಅದು ಪರೀಕ್ಷೆಯಲ್ಲ, ಉತ್ಸವ. ನಮ್ಮ ಸರ್ಕಾರವು 1985ರಲ್ಲಿ ಶ್ರೇಷ್ಠ ತರಬೇತುದಾರರಿಗಾಗಿ ಸ್ಥಾಪಿಸಿದ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರನ್ನೇ ಇಟ್ಟಿದೆ. ಇಟ್ಟದ್ದು ತಪ್ಪೆನ್ನುವುದಿಲ್ಲ. ಆದರೆ ಆ ಹೆಸರಿನೊಡನೆ ಒಂದು ಹೆಬ್ಬೆರಳಿನ ನೆನಪೂ ಬರುತ್ತದೆಂಬುದನ್ನು ಪ್ರಶಸ್ತಿಯ ಆಸೆಯುಳ್ಳವರು ಮರೆಯದಿದ್ದರೆ ಸಾಕು.

ಪಕ್ಷಪಾತದ ಅತ್ಯಂತ ಸೂಕ್ಷ್ಮವಾದ ಕೇಡು ಇದು: ಅದು ಕೆಲವು ವರ್ಷಗಳಲ್ಲಿ ಯೋಗ್ಯತೆಯ ವೇಷ ತೊಟ್ಟು ಬರುತ್ತದೆ. ಹತ್ತು ವರ್ಷದವನಾಗಿದ್ದಾಗ ದಾಕ್ಷಿಣ್ಯದಿಂದ ಆಯ್ಕೆಯಾದ ಹುಡುಗನಿಗೆ ಒಳ್ಳೆಯ ಅಂಗಳ, ಒಳ್ಳೆಯ ಎದುರಾಳಿ, ಹೆಚ್ಚಿನ ಅಭ್ಯಾಸ ದೊರೆಯುತ್ತವೆ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಅವನು ನಿಜವಾಗಿಯೂ ಉಳಿದವರಿಗಿಂತ ಚೆನ್ನಾಗಿ ಆಡುತ್ತಾನೆ. ಆಗ ಕೋಚು ಎದೆ ತಟ್ಟಿ ‘ನೋಡಿ, ನನ್ನ ಕಣ್ಣು ಸುಳ್ಳು ಹೇಳಲಿಲ್ಲ’ ಎನ್ನುತ್ತಾರೆ. ಕಣ್ಣು ಸುಳ್ಳು ಹೇಳದಿರಬಹುದು. ಅದು ತಾನೇ ಬಿತ್ತಿದ್ದನ್ನು ತಾನೇ ಕೊಯ್ದಿತು, ಅಷ್ಟೆ. ಪಕ್ಷಪಾತದ ಉದ್ದೇಶವೇ ಇಲ್ಲದ ಕಡೆಯಲ್ಲಿಯೂ ಹೀಗಾಗುವುದುಂಟು. ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲಿನ ಹಾಕಿ ಆಡುವ ಹುಡುಗರ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಿದ್ದರು. ಮೇಲುಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದಾರೆಂಬುದನ್ನು ಬಾರ್ನ್‌ಸ್ಲಿ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1985ರಲ್ಲಿ ತೋರಿಸಿಕೊಟ್ಟರು. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಎಳೆಯ ವಯಸ್ಸಿನಲ್ಲಿ ಅಷ್ಟೇ ಅಂತರ ಪ್ರತಿಭೆಯಂತೆ ಕಾಣುತ್ತದೆ. ಆಯ್ದವರು ಅವನನ್ನು ಬೆಳೆಸಿದರು, ಬೆಳೆದವನನ್ನು ಮತ್ತೆ ಆಯ್ದರು. ನಿರ್ಮಲವಾದ ಕಣ್ಣಿಗೇ ಇಷ್ಟು ಭ್ರಮೆಯಾಗುವುದಾದರೆ ಮಮತೆಯ ಕಣ್ಣಿಗೆ ಎಷ್ಟಾಗಬೇಡ?

ಪರೀಕ್ಷೆ ನಡೆದರೆ ಹಳಬರೇ ಗೆಲ್ಲುವರಲ್ಲ, ಮತ್ತೆ ಪರೀಕ್ಷೆಯೇಕೆ ಎಂದು ಕೇಳಬಹುದು. ಇದಕ್ಕೆ ಹಿರಿಯರ ಆಟದಿಂದಲೇ ಉತ್ತರವಿದೆ. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ ಮೇರಿ ಕೋಮ್ ಅವರನ್ನು ಪರೀಕ್ಷೆಯಿಲ್ಲದೆ ಕಳುಹಿಸುವ ಸೂಚನೆ ಕಂಡಾಗ, ಕಿರಿಯ ಬಾಕ್ಸರ್ ನಿಖತ್ ಝರೀನ್ ಕ್ರೀಡಾಮಂತ್ರಿಗಳಿಗೆ ಪತ್ರ ಬರೆದು ನ್ಯಾಯವಾದ ಪರೀಕ್ಷೆಯನ್ನು ಬೇಡಿದರು. ಡಿಸೆಂಬರಿನಲ್ಲಿ ಅದು ನಡೆಯಿತು. ನಿಖತ್ 9–1ರಿಂದ ಸೋತರು. ಹಾಗಾದರೆ ಪರೀಕ್ಷೆ ವ್ಯರ್ಥವಾಯಿತೆ? ಇಲ್ಲ. ಅಂಗಳದಲ್ಲಿ ಸೋತವಳು ಮರಳಿ ಅಭ್ಯಾಸಕ್ಕೆ ಹೋಗಬಲ್ಲಳು. ಅಂಗಳಕ್ಕೇ ಬಿಡದವಳು ಎಲ್ಲಿಗೆ ಹೋಗಬೇಕು? ನಿಖತ್ 2022ರಲ್ಲಿಯೂ 2023ರಲ್ಲಿಯೂ ವಿಶ್ವವಿಜೇತೆಯಾದರು. ಆ ಪರೀಕ್ಷೆಯಿಂದ ಮೇರಿ ಕೋಮ್ ಅವರ ಗೌರವವೂ ಕುಂದಲಿಲ್ಲ. ಅವರ ಸ್ಥಾನ ದಾಕ್ಷಿಣ್ಯದ್ದಲ್ಲವೆಂಬುದು ಲೋಕಕ್ಕೆ ತಿಳಿಯಿತು. ನ್ಯಾಯವಾದ ಪರೀಕ್ಷೆ ಸೋತವರಿಗೆ ಎಷ್ಟು ಅವಶ್ಯವೋ ಗೆದ್ದವರಿಗೂ ಅಷ್ಟೇ ಅವಶ್ಯ.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಕಿರಿಯರ ತಂಡಗಳಿಗೆ ತರಬೇತುದಾರರಾಗಿದ್ದ ಕಾಲದ ಒಂದು ನಡೆ ಇಲ್ಲಿ ನೆನೆಯತಕ್ಕದ್ದು. ಒಬ್ಬ ಹುಡುಗ 19ರ ಒಳಗಿನವರ ವಿಶ್ವಕಪ್ಪಿನಲ್ಲಿ ಒಂದೇ ಸಲ ಆಡತಕ್ಕದ್ದೆಂದು ಕ್ರಿಕೆಟ್ ಮಂಡಲಿ 2016ರಲ್ಲಿ ತೀರ್ಮಾನಿಸಿತು. ಪಳಗಿದ ಹುಡುಗರನ್ನು ಇಟ್ಟುಕೊಳ್ಳುವುದು ಗೆಲುವಿಗೆ ಸುಲಭವಾದ ದಾರಿಯಾಗಿತ್ತು. ಅದನ್ನು ಬಿಟ್ಟು ಹೊಸಬರಿಗೆ ಬಾಗಿಲು ತೆರೆದರು. ಹೊಸ ಹುಡುಗರ ಆ ತಂಡ ದ್ರಾವಿಡರ ಮಾರ್ಗದರ್ಶನದಲ್ಲಿ 2018ರಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಗೆಲ್ಲದಿದ್ದರೂ ಆ ನಿಯಮ ಸರಿಯೇ ಆಗಿರುತ್ತಿತ್ತು; ಕಿರಿಯರ ತಂಡವಿರುವುದು ಕಪ್ಪಿಗಾಗಿ ಮಾತ್ರವಲ್ಲ, ಕಿರಿಯರಿಗಾಗಿ. ಅದೇ 2018ರಲ್ಲಿ ಜಾರಿಗೆ ಬಂದ ಮಂಡಲಿಯ ಸಂವಿಧಾನವು ಕ್ರಿಕೆಟ್ ಅಕಾಡೆಮಿಯ ಒಡೆಯನಾದವನು ಅದೇ ಕಾಲದಲ್ಲಿ ಆಯ್ಕೆಗಾರನೂ ಆಗಿರಕೂಡದೆಂದು ವಿಧಿಸಿತು. ಶುಲ್ಕ ಪಡೆಯುವ ಕೈಯೇ ಪಟ್ಟಿ ಬರೆಯಬಾರದು ಎಂಬುದು ಇದರ ಸಾರ. ದೊಡ್ಡವರ ಕ್ರಿಕೆಟ್ಟಿಗೆ ಬೇಕೆನಿಸಿದ ಈ ಎಚ್ಚರ ನಮ್ಮ ತಾಲ್ಲೂಕಿನ ಮಕ್ಕಳಿಗೆ ಬೇಡವೆ?

ಹಣ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು ಕೆಲವಿವೆ. ಯಾವ ಯಾವ ಗುಣಗಳನ್ನು ನೋಡುತ್ತೇವೆ, ಹಾಜರಿಗೆ ಎಷ್ಟು ಬೆಲೆ, ಆಟಕ್ಕೆ ಎಷ್ಟು ಬೆಲೆ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಹಲಗೆಯ ಮೇಲೆ ಬರೆಯಬಹುದು. ಹಾಜರಿಯ ಲೆಕ್ಕ ಎಲ್ಲ ಊರಿನ, ಎಲ್ಲ ಶಿಕ್ಷಕರ ಮಕ್ಕಳಿಗೂ ಒಂದೇ ಆಗಿರಲಿ. ಮಕ್ಕಳು ಹೆಸರಿನ ಬದಲು ಎದೆಯ ಮೇಲೆ ಅಂಕಿ ಧರಿಸಿ ಆಡಲಿ. ನೋಡುವವರು ಮೂವರಿರಲಿ, ಅವರಲ್ಲಿ ಇಬ್ಬರು ಬೇರೆ ಊರಿನವರಾಗಿರಲಿ. ತನ್ನ ಮಗನೋ ತನ್ನ ಶಿಷ್ಯನೋ ಅಂಗಳಕ್ಕೆ ಬಂದಾಗ ಶಿಕ್ಷಕ ತನ್ನ ಅಂಕವನ್ನು ತಾನೇ ಬಿಡಲಿ. ಒಂದು ದಿನದ ಜ್ವರಕ್ಕೆ ಒಂದು ವರ್ಷ ಹಾಳಾಗದಂತೆ ಇನ್ನೊಂದು ಪರೀಕ್ಷೆಯನ್ನಿಡಲಿ. ಎಲ್ಲಕ್ಕೂ ಮಿಗಿಲಾಗಿ, ಆಯ್ಕೆಯಾಗದ ಮಗುವಿಗೆ ಎರಡು ವಾಕ್ಯದ ಕಾರಣವನ್ನು ಹೇಳಲಿ: ‘ನಿನ್ನ ಹಿಡಿತ ಚೆನ್ನಾಗಿದೆ, ತಿರುಗುವಾಗ ಕಾಲು ನಿಧಾನ.’ ‘ಮುಂದಿನ ವರ್ಷ ನೋಡೋಣ’ ಎಂಬುದು ಕಾರಣವಲ್ಲ. ಬಾಗಿಲು ಮುಚ್ಚುವಾಗ ಸದ್ದಾಗದಂತೆ ಹಚ್ಚುವ ಎಣ್ಣೆ.

ತಂದೆತಾಯಿಗಳಿಗೂ ಒಂದು ಮಾತು. ಆಯ್ಕೆಯ ತಿಂಗಳಲ್ಲಿ ಕೋಚಿನ ಮನೆಗೆ ಹಣ್ಣಿನ ಬುಟ್ಟಿ ಒಯ್ಯುವವರೂ, ಮಗನ ಹೆಸರು ಬಾರದ ಮರುದಿನವೇ ‘ಇಷ್ಟು ದಿನ ನಿಮ್ಮನ್ನೇ ನಂಬಿದ್ದೆವಲ್ಲ’ ಎಂದು ಜಗಳಕ್ಕೆ ನಿಲ್ಲುವವರೂ ನಾವೇ. ನಮ್ಮ ನಂಬಿಕೆಯನ್ನು ಮುಂಗಡ ಹಣದಂತೆ ಕೊಟ್ಟು ಸ್ಥಾನವನ್ನು ಸರಕಿನಂತೆ ಕೇಳಿದರೆ, ಪಕ್ಷಪಾತವನ್ನು ದೂರುವ ಅಧಿಕಾರ ನಮಗೆಲ್ಲಿ ಉಳಿಯಿತು?

ಮತ್ತೆ ನನ್ನ ಮಿತ್ರರ ನಾಲ್ವರು ಹುಡುಗರು. ಅವರ ಮೂರು ವರ್ಷದ ಮುಂಜಾವುಗಳ ಋಣ ನಿಜವಾದದ್ದು, ಅದನ್ನು ತೀರಿಸಲೇಬೇಕು. ಆದರೆ ಸಾಲವನ್ನು ತೀರಿಸುವವನು ತನ್ನ ಗಂಟಿನಿಂದ ತೀರಿಸಬೇಕಲ್ಲದೆ ಊರಿನ ಕಣಜದಿಂದ ಅಳೆದು ಕೊಡಬಾರದು. ಶಿಕ್ಷಕನ ಗಂಟಿನಲ್ಲಿರುವುದು ಅವನ ಕಾಲ, ಅವನ ವಿದ್ಯೆ, ಅವನ ವಾತ್ಸಲ್ಯ, ಅವನ ಸತ್ಯವಾದ ಮಾತು. ಅದನ್ನು ಎಷ್ಟು ಬೇಕಾದರೂ ಕೊಡಲಿ. ಆಯ್ಕೆಯಾಗದ ಹುಡುಗನಿಗೆ ಇನ್ನೂ ಹೆಚ್ಚು ಕೊಡಲಿ. ತಂಡದ ಸ್ಥಾನ ಮಾತ್ರ ಅವನ ಗಂಟಿನದಲ್ಲ. ಅದು ಅಂಗಳದ ಗೆರೆಯ ಹೊರಗೆ, ಯಾರ ಪರಿಚಯವೂ ಇಲ್ಲದೆ, ಎರವಲು ಬೂಟಿನಲ್ಲಿ ಕಾದು ನಿಂತಿರುವ ಮಗುವಿಗೂ ಸೇರಿದ್ದು. ಆ ಮಗುವಿನ ಪಾಲನ್ನು ಕಾಯಬಲ್ಲ ಶಿಕ್ಷಕನನ್ನು ಅವನ ಸ್ವಂತ ಶಿಷ್ಯರು ಬಿಟ್ಟುಹೋಗುವುದಿಲ್ಲ. ಮರುದಿನ ಬೆಳಗಿನ ಐದೂವರೆಗೆ ಅವರು ಬಂದೇ ಬರುತ್ತಾರೆ. ತಮ್ಮ ಸರದಿಯಲ್ಲಿಯೂ ಈತ ತಕ್ಕಡಿಯನ್ನು ಹೀಗೆಯೇ ಹಿಡಿಯುವನೆಂದು ಅವರಿಗೆ ತಿಳಿದಿರುತ್ತದೆ.